ಮಹಾಮಾರಿಯ ಕಾಲದ ಶಾಲೆ: ಸಾಂಗ್ಲಿವಾಡಿಯಿಂದ ಕಾಸರಗೋಡಿನ ತನಕ

ಭಾರತದಲ್ಲಿ ಕೊರೋನಾ ತಗಲಿದ್ದು ಮೊತ್ತಮೊದಲಾಗಿ ದೃಢಪಟ್ಟ ಮೂವರೂ ವಿದ್ಯಾರ್ಥಿಗಳಾಗಿದ್ದರು ಎಂಬುದು ಈಗ ಎಷ್ಟು ಮಂದಿಗೆ ನೆನಪಿದೆಯೋ ತಿಳಿಯದು. ಚೀನಾದ ವುಹಾನ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದು ಊರಿಗೆ ಮರಳಿದ ಮೂವರು. 2020ರ ಜನವರಿ 30ರಂದು ತೃಶೂರಿನಲ್ಲಿ ಮೊದಲನೆಯದು, ಫೆಬ್ರವರಿ ಮೊದಲ ವಾರದಲ್ಲಿ ಆಲಪ್ಪುಳದಲ್ಲಿ ಎರಡನೆಯದು, ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮೂರನೆಯದು. ಮೂವರೂ ಗುಣಮುಖರಾದರು. ಆದರೆ ಮುಂದಿನ ಎರಡು ವರ್ಷಗಳಲ್ಲಿ ಅದೇ ರೋಗವು ದೇಶದ ಕೋಟ್ಯಂತರ ಮಕ್ಕಳನ್ನು ಮನೆಯ ಮಗ್ಗುಲಲ್ಲೇ ಇದ್ದ ಶಾಲೆಗೂ ಹೋಗಲಾಗದಂತೆ ತಡೆಯಿತು.

ಆ ಎರಡು ವರ್ಷಗಳ ಆಸ್ಪತ್ರೆಯ ಲೆಕ್ಕ, ಲಸಿಕೆಯ ಲೆಕ್ಕ, ಸಾವಿನ ಲೆಕ್ಕಗಳನ್ನು ಸರಕಾರಗಳು ಬರೆದಿಟ್ಟಿವೆ. ಮಕ್ಕಳ ಕಲಿಕೆಯ ಲೆಕ್ಕವೂ ಅಲ್ಲಲ್ಲಿ ಸಿಗುತ್ತದೆ. ಆದರೆ ತಮ್ಮ ರಾಜ್ಯದ ಭಾಷೆ ಒಂದು, ತಾವು ಓದುವ ಭಾಷೆ ಇನ್ನೊಂದು ಎಂಬ ಸ್ಥಿತಿಯಲ್ಲಿರುವ ಮಕ್ಕಳ ಪಾಡೇನಾಯಿತು? ಅವರ ಅಧ್ಯಾಪಕರು ಏನು ಮಾಡಿದರು? ಗಡಿನಾಡಿನ ಕನ್ನಡ ಮನೆಗಳವರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಆದ್ದರಿಂದ ನಾನು ಬಲ್ಲ ಎರಡು ಗಡಿಗಳನ್ನು, ಅಂದರೆ ನಮ್ಮ ಕಾಸರಗೋಡನ್ನೂ ಮಹಾರಾಷ್ಟ್ರದ ಸಾಂಗ್ಲಿ ಸೀಮೆಯನ್ನೂ ಎದುರುಬದುರಾಗಿಟ್ಟು ಆ ಕಾಲದ ಶಾಲೆಯ ಕಥೆಯನ್ನು ಇಲ್ಲಿ ದಾಖಲಿಸಲು ಯತ್ನಿಸುತ್ತೇನೆ.

ಸಾಂಗ್ಲಿ ನನಗೆ ಪರಿಚಯವಾದುದು ನೆಂಟಸ್ತಿಕೆಯಿಂದ. ನನ್ನ ತಂಗಿಯನ್ನು ಕೊಟ್ಟ ಮನೆಯವರು ಎರಡು ತಲೆಮಾರುಗಳ ಹಿಂದೆ ಹೊಟೇಲು ವ್ಯವಹಾರಕ್ಕಾಗಿ ಕರಾವಳಿಯಿಂದ ಘಟ್ಟ ಹತ್ತಿ ಹೋದವರು. ಅವರ ಮನೆ ಸಾಂಗ್ಲಿವಾಡಿಯಲ್ಲಿದೆ. ಕೃಷ್ಣಾ ನದಿಯ ಒಂದು ದಡದಲ್ಲಿ ಅರಸಿನದ ಪೇಟೆಗೂ ಗಣಪತಿ ದೇವಸ್ಥಾನಕ್ಕೂ ಹೆಸರಾದ ಸಾಂಗ್ಲಿ, ಎದುರು ದಡದಲ್ಲಿ ಸಾಂಗ್ಲಿವಾಡಿ. ನಡುವೆ 1929ರಲ್ಲಿ ಕಟ್ಟಿದ ಇರ್ವಿನ್ ಸೇತುವೆ. ಇಂದು ಸಾಂಗ್ಲಿ, ಮಿರಜ, ಕುಪವಾಡಗಳೆಲ್ಲ ಒಂದೇ ಮಹಾನಗರಪಾಲಿಕೆ. ಮರಾಠಿಯ ನಡುವೆ ಅಲ್ಲಿ ಕನ್ನಡವೂ ಮೂರು ಬಗೆಯಲ್ಲಿ ಬದುಕಿದೆ: ತಲೆತಲಾಂತರದಿಂದ ಅಲ್ಲೇ ನೆಲೆಸಿದ ಕೃಷ್ಣಾ ತೀರದ ಕನ್ನಡಿಗರು, ವಿಜಯಪುರ ಮತ್ತು ಜತ್ತದ ಕಡೆಯಿಂದ ಕೂಲಿಗಾಗಿ ಬಂದವರು, ನನ್ನ ಭಾವನವರಂಥ ಹೊಟೇಲಿನವರು. ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಜತ್ತ ತಾಲೂಕಿನ ಉಮದಿ, ಸಂಖ ಮೊದಲಾದ ಕಡೆಗಳಲ್ಲಿ ಮಾತ್ರ ಕನ್ನಡವೇ ಊರ ಮಾತು. ಅಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ.

ನಮಗೂ ಅವರಿಗೂ ಇನ್ನೊಂದು ನಂಟಿದೆ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನು ಹೇಗೆ ಕನ್ನಡನಾಡಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತೋ, ಹಾಗೆಯೇ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳನ್ನೂ ಸೇರಿಸಬೇಕೆಂದಿತು. ಆ ವರದಿ ಜಾರಿಗೆ ಬರಲಿಲ್ಲ. ಒಂದೇ ಕಾಗದದಲ್ಲಿ ಹೆಸರು ಬರೆಸಿಕೊಂಡು ಹೊರಗುಳಿದ ಎರಡು ನಾಡುಗಳ ಮಕ್ಕಳು 2020ರಲ್ಲಿ ಒಂದೇ ಬಗೆಯ ಪರೀಕ್ಷೆಗೆ ಕುಳಿತರು.

ಮಹಾಮಾರಿಗೂ ಶಾಲೆಗೂ ಈ ಸೀಮೆಯಲ್ಲಿ ಹಳೆಯ ಸಂಬಂಧವುಂಟು. ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಸಾಂಗ್ಲಿ ಸಂಸ್ಥಾನವು ಮರಾಠಿ ನೆಲವನ್ನಷ್ಟೇ ಒಳಗೊಂಡಿರಲಿಲ್ಲ. ತೇರದಾಳ, ಬೆಳಗಾವಿಯ ಶಹಾಪುರ, ಶಿರಹಟ್ಟಿಗಳಂಥ ಕನ್ನಡದ ನೆಲವೂ ಅದರಲ್ಲಿತ್ತು. ಮಿರಜ ಸಂಸ್ಥಾನಕ್ಕೆ ಲಕ್ಷ್ಮೇಶ್ವರ ಸೇರಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಿಡಿದು ಇಡೀ ಮುಂಬಯಿ ಪ್ರಾಂತಕ್ಕೆ ಹಬ್ಬಿತು. ಇಲಿ ಬಿತ್ತೆಂದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುವುದು ಅಂದಿನ ರೂಢಿ. ಊರೇ ಖಾಲಿಯಾದ ಮೇಲೆ ಶಾಲೆಯೆಲ್ಲಿಯದು? 2020ರಲ್ಲಿ ಸಾಂಕ್ರಾಮಿಕ ರೋಗ ಬಂದಾಗಲೂ ನಮ್ಮ ಸರಕಾರಗಳು ಮೊದಲು ಕೈಗೆತ್ತಿಕೊಂಡ ಕಾಯಿದೆ ಆ ಪ್ಲೇಗಿನ ಕಾಲದಲ್ಲಿ, 1897ರಲ್ಲಿ ಹುಟ್ಟಿದ್ದು.

ಅದೇ 1897ರ ಮಾರ್ಚ್ 10ರಂದು ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡರು. ಹೆಣ್ಣುಮಕ್ಕಳ ಶಾಲೆಗಾಗಿ ಜೀವ ತೇಯ್ದ ಆ ಅಧ್ಯಾಪಿಕೆ, ಕೊನೆಗೆ ಪ್ಲೇಗು ರೋಗಿಗಳ ಆರೈಕೆ ಮಾಡುತ್ತಾ ತಾವೂ ಅದೇ ರೋಗಕ್ಕೆ ಬಲಿಯಾದರು. ಮಹಾಮಾರಿ ಬಂದಾಗ ಅಧ್ಯಾಪಕನ ಕೆಲಸ ಪಾಠದ ಕೋಣೆಯೊಳಗೆ ಮುಗಿಯುವುದಿಲ್ಲವೆಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮಿರಜಿನಲ್ಲಿ 1894ರಲ್ಲಿ ಆಸ್ಪತ್ರೆ ಕಟ್ಟಿದ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು ವೈದ್ಯಕೀಯ ಶಾಲೆಯನ್ನು ತೆರೆದದ್ದೂ 1897ರಲ್ಲಿ. ಮುಂದೆ 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಕೆಲವೇ ತಿಂಗಳುಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಸತ್ತರು. ಮರುವರ್ಷ, 1919ರಲ್ಲಿ, ಸಾಂಗ್ಲಿಯಲ್ಲಿ ವಿಲಿಂಗ್ಡನ್ ಕಾಲೇಜು ಆರಂಭವಾಯಿತು. ರೋಗದ ವರ್ಷದಲ್ಲಿ ಒಂದು ವಿದ್ಯಾಲಯ, ರೋಗದ ಮರುವರ್ಷದಲ್ಲಿ ಇನ್ನೊಂದು. ಜನರು ಸಾವಿನ ನಡುವೆಯೂ ಓದನ್ನು ಬಿಟ್ಟಿರಲಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಆದರೆ ಪ್ಲೇಗಿನ ಗುಡಿಸಲಿನಲ್ಲಿ ಕುಳಿತ ತೇರದಾಳದ ಕನ್ನಡದ ಹುಡುಗನೊಬ್ಬ ಆ ತಿಂಗಳುಗಳಲ್ಲಿ ಏನು ಓದಿದ, ಯಾರು ಓದಿಸಿದರು ಎಂಬುದನ್ನು ಈ ಕಟ್ಟಡಗಳು ಹೇಳುವುದಿಲ್ಲ.

ಕೊರೋನಾ ಬರುವ ಮುಂಚೆಯೇ ಸಾಂಗ್ಲಿವಾಡಿಯ ಮಕ್ಕಳು ಒಮ್ಮೆ ಶಾಲೆ ಕಳೆದುಕೊಂಡಿದ್ದರು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿತು. ಇರ್ವಿನ್ ಸೇತುವೆಯ ಬಳಿ 45 ಅಡಿ ಎಂದರೆ ಅಪಾಯದ ಮಟ್ಟ. ಆ ಸಲ ನೀರು 57 ಅಡಿಯನ್ನೂ ದಾಟಿತು. ನನ್ನ ತಂಗಿಯ ಮನೆಯ ಕೆಳ ಅಂತಸ್ತಿನಲ್ಲಿ ಆಳೆತ್ತರ ನೀರು ನಿಂತಿತ್ತು. ಎತ್ತರದ ಜಾಗದಲ್ಲಿದ್ದ ಶಾಲೆಗಳೆಲ್ಲ ನೆರೆ ಸಂತ್ರಸ್ತರ ಬಿಡಾರಗಳಾದವು. ತಗ್ಗಿನ ಶಾಲೆಗಳು ಕೆಸರು ತುಂಬಿಕೊಂಡವು. ಮಕ್ಕಳ ಪುಸ್ತಕ, ದಾಖಲೆ ಪತ್ರ, ಸಮವಸ್ತ್ರ ಎಲ್ಲ ಹೋಯಿತು. ಹೊಸ ಪುಸ್ತಕ ಬಂದು, ಕೆಸರು ತೊಳೆದು, ಪಾಠ ಒಂದು ಹದಕ್ಕೆ ಬರುವಷ್ಟರಲ್ಲಿ 2020ರ ಮಾರ್ಚ್ ಬಂತು.

ಆ ಮಾರ್ಚ್ 10ರಂದು ಕೇರಳ ಸರಕಾರ ಶಾಲೆಗಳನ್ನು ಮುಚ್ಚುವ ತೀರ್ಮಾನ ಪ್ರಕಟಿಸಿತು. ನಾನು ಆಗ ಕಾಸರಗೋಡು ಜಿಲ್ಲೆಯ ಕನ್ನಡ ವಿಭಾಗವಿರುವ ಶಾಲೆಯೊಂದರಲ್ಲಿ ಅಧ್ಯಾಪಕ. ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ವಾರ್ಷಿಕ ಪರೀಕ್ಷೆ ಇಲ್ಲವೆಂದು ತಿಳಿದ ಸಣ್ಣ ಮಕ್ಕಳು ಕೇಕೆ ಹಾಕಿ ಓಡಿದರು. ಮಹಾರಾಷ್ಟ್ರದಲ್ಲೂ ಆ ತಿಂಗಳ ನಡುವೆಯೇ ಶಾಲೆಗಳ ಬಾಗಿಲು ಹಾಕಿತು. ಅಲ್ಲಿಯ ಹತ್ತನೆಯ ತರಗತಿಯವರು ಎಲ್ಲ ಪರೀಕ್ಷೆ ಬರೆದು ಮಾರ್ಚ್ 23ರ ಭೂಗೋಳ ಪತ್ರಿಕೆಯೊಂದಕ್ಕಾಗಿ ಕಾದಿದ್ದರು. ಅದು ಮುಂದೆ ಹೋಯಿತು, ಆಮೇಲೆ ರದ್ದೇ ಆಯಿತು. ಉಳಿದ ವಿಷಯಗಳ ಸರಾಸರಿಯಿಂದ ಅದಕ್ಕೆ ಅಂಕ ಕೊಟ್ಟರು. ಅದೇ ಮಾರ್ಚ್ 23ರಂದು ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಲ್ಲಿ, ಸೌದಿ ಅರೇಬಿಯಾದಿಂದ ಮರಳಿದ್ದ ಒಂದೇ ಕುಟುಂಬದ ನಾಲ್ವರಿಗೆ ರೋಗವಿರುವುದು ಗೊತ್ತಾಯಿತು. ಒಂದು ವಾರದೊಳಗೆ ಆ ಮನೆಯವರು ಮತ್ತು ಅವರ ಸಂಪರ್ಕದವರು ಸೇರಿ ಇಪ್ಪತ್ತು ಮಂದಿಯನ್ನು ಮೀರಿತು. ಮಿರಜಿನ ಸರಕಾರಿ ಆಸ್ಪತ್ರೆಯನ್ನು ಕೊರೋನಾ ರೋಗಿಗಳಿಗೆಂದೇ ಮೀಸಲಿಟ್ಟರು.

ಗಡಿಯ ಕಥೆಯನ್ನು ಕಾಸರಗೋಡಿನವರಿಗೆ ನಾನು ಹೇಳಬೇಕಾಗಿಲ್ಲ. ಆ ತಿಂಗಳ ಕೊನೆಯಲ್ಲಿ ಕರ್ನಾಟಕವು ನಮ್ಮ ಕಡೆಯ ರಸ್ತೆಗಳನ್ನು ಮುಚ್ಚಿತು, ಕೆಲವೆಡೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯಲ್ಲಿ ನಿಂತರು. ಏಪ್ರಿಲ್ ಮೊದಲ ವಾರದಲ್ಲಿ ವಿಷಯವು ಕೇರಳದ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ಹೋಯಿತು. ಸಾಂಗ್ಲಿಯ ಕಡೆ ಇದೇ ಚಿತ್ರ ತಿರುವುಮುರುವಾಗಿತ್ತು. ಅಲ್ಲಿ ಆಸ್ಪತ್ರೆ ಇರುವುದು ಮಹಾರಾಷ್ಟ್ರದ ಮಿರಜಿನಲ್ಲಿ. ಅದನ್ನು ನಂಬಿದವರು ಗಡಿಯಾಚೆ ಕಾಗವಾಡ, ಅಥಣಿ, ರಾಯಬಾಗದ ಕನ್ನಡಿಗರು. ಮ್ಹೈಸಾಳ ದಾಟಿ ಕಾಗವಾಡದ ಚೆಕ್‌ಪೋಸ್ಟಿಗೆ ಬಂದರೆ ಹಾದಿ ನಿಲ್ಲುತ್ತಿತ್ತು. ವಿದ್ಯಾರ್ಥಿಗಳಿಗೂ ಇದೇ ಪಾಡು. ಜೂನ್ ಕೊನೆಯಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆ ಆರಂಭವಾದಾಗ, ದಕ್ಷಿಣ ಕನ್ನಡದಲ್ಲಿ ಓದುತ್ತಿದ್ದ ನಮ್ಮ ಕಡೆಯ ಮಕ್ಕಳನ್ನು ಗಡಿಯಿಂದ ವಾಹನಗಳಲ್ಲಿ ಕರೆದೊಯ್ದು ಪರೀಕ್ಷೆ ಬರೆಸಿ ಮರಳಿ ತಂದುಬಿಡುವ ಏರ್ಪಾಡು ಮಾಡಬೇಕಾಯಿತು. ಹದಿನಾರರ ಹರೆಯದ ಹುಡುಗಿಯೊಬ್ಬಳು ಅಂದು ನನ್ನಲ್ಲಿ ಕೇಳಿದಳು, “ಸರ್, ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಇಲ್ಲದ ರಾಜ್ಯ ಈಗ ಎಲ್ಲಿಂದ ಬಂತು?”

ಗಡಿಯ ಮಣ್ಣನ್ನು ಆಮೇಲೆ ತೆಗೆದರು. ಆದರೆ ಇನ್ನೊಂದು ಗಡಿ ಮನೆಯೊಳಗೆ, ಟಿ.ವಿ.ಯ ಪರದೆಯಲ್ಲಿ ಎದ್ದಿತು. ಇದೇ ನನ್ನ ಲೇಖನದ ಮುಖ್ಯ ವಿಷಯ.

ಶಾಲೆ ತೆರೆಯಲಾಗದು ಎಂದಾದ ಮೇಲೆ ಪ್ರತಿಯೊಂದು ಸರಕಾರವೂ ಪಾಠವನ್ನು ಟಿ.ವಿ.ಗೂ ಮೊಬೈಲಿಗೂ ಹತ್ತಿಸಿತು. ಕೇರಳದಲ್ಲಿ 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಆರಂಭವಾಯಿತು. ಮಹಾರಾಷ್ಟ್ರದಲ್ಲಿ ‘ಶಾಲೆ ಮುಚ್ಚಿದೆ, ಆದರೆ ಶಿಕ್ಷಣವಿದೆ’ ಎಂಬರ್ಥದ ಮರಾಠಿ ಹೆಸರಿನಲ್ಲಿ ವಾಟ್ಸಾಪ್ ಮೂಲಕ ಪಾಠಗಳು ಬಂದವು; ಜುಲೈಯಿಂದ ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ ಒಂದರಿಂದ ಎಂಟನೆಯ ತರಗತಿಯವರಿಗೆ ‘ಟಿಲಿಮಿಲಿ’ ಬಂತು. ಕರ್ನಾಟಕದಲ್ಲಿ ಚಂದನ ವಾಹಿನಿ ಪ್ರೌಢಶಾಲೆಯ ಪಾಠಗಳನ್ನು ಬಿತ್ತರಿಸಿತು. ಒಳ್ಳೆಯದೇ. ಆದರೆ ಜತ್ತದ ಕನ್ನಡ ಶಾಲೆಯ ಮಗುವಿನ ಸ್ಥಿತಿಯನ್ನು ಯೋಚಿಸಿ ನೋಡಿ. ಟಿಲಿಮಿಲಿ ಅದರ ರಾಜ್ಯದ್ದು, ಅದರ ಪಾಠಕ್ರಮದ್ದು, ಆದರೆ ಮರಾಠಿಯಲ್ಲಿ. ಚಂದನ ಅದರ ಭಾಷೆಯದು. ಆದರೆ ಬೇರೆ ರಾಜ್ಯದ ಪಠ್ಯ, ಅದೂ ದೊಡ್ಡ ಮಕ್ಕಳಿಗೆ. ಬಾಲಭಾರತಿಯು ಮಹಾರಾಷ್ಟ್ರದ ಪಠ್ಯವನ್ನು ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಆ ಪುಸ್ತಕ ಮಗುವಿನ ಕೈಯಲ್ಲಿತ್ತು. ಅದನ್ನು ಓದಿ ಹೇಳುವ ಬಾಯಿ ಮಾತ್ರ ಯಾವ ವಾಹಿನಿಯಲ್ಲೂ ಇರಲಿಲ್ಲ.

ಈ ವಿಷಯದಲ್ಲಿ ಕಾಸರಗೋಡಿನ ಮಕ್ಕಳು ಒಂದು ಮೆಟ್ಟಿಲು ಮೇಲಿದ್ದರು. ಫಸ್ಟ್ ಬೆಲ್ಲಿನ ಪಾಠಗಳು ಕನ್ನಡ ಮಾಧ್ಯಮದವರಿಗೂ ತಯಾರಾದವು. ಯೂಟ್ಯೂಬಿನಲ್ಲಿ ಕೈಟ್ ಕಾಸರಗೋಡಿನ ಹೆಸರಿನಲ್ಲೂ ಸ್ಥಳೀಯ ಕೇಬಲಿನಲ್ಲೂ ದೊರೆತವು. ಇದು ತಾನಾಗಿ ಆದುದಲ್ಲ. ಕ್ಯಾಮೆರಾದ ಮುಂದೆ ಎಂದೂ ನಿಲ್ಲದ ನಮ್ಮ ಕನ್ನಡ ಅಧ್ಯಾಪಕರು ನಿಂತು ಪಾಠ ಹೇಳಿದರು, ಮಲಯಾಳದಲ್ಲಿ ಬಂದುದನ್ನು ರಾತ್ರಿ ಕುಳಿತು ಕನ್ನಡಕ್ಕೆ ತಂದರು. ಮಲಯಾಳ ವಿಭಾಗದ ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಮಕ್ಕಳ ಮನೆಗಳಿಗೂ ಹೋಗಿ ಟಿ.ವಿ. ಸರಿಮಾಡಿ ಕೊಟ್ಟದ್ದನ್ನು ನಾನು ಮರೆಯಲಾರೆ. ಆದರೂ ಕೇಬಲು ಇಲ್ಲದ ಗುಡ್ಡದ ಮನೆಗಳಿಗೆ ಮೊಬೈಲೇ ಗತಿ. ಟಿ.ವಿ.ಯಾಗಲಿ ಮೊಬೈಲಾಗಲಿ ಇಲ್ಲದ ವಿದ್ಯಾರ್ಥಿಗಳು ಕೇರಳದಲ್ಲಿ ಸುಮಾರು 2.6 ಲಕ್ಷ ಎಂದು ಆ ಬೇಸಿಗೆಯಲ್ಲಿ ಲೆಕ್ಕ ಸಿಕ್ಕಿತ್ತು. ನನ್ನ ತರಗತಿಯ ಒಬ್ಬ ಹುಡುಗ ಸಿಗ್ನಲಿಗಾಗಿ ಗೇರು ಮರ ಹತ್ತಿ ಕೂರುತ್ತಿದ್ದ. ಮಳೆ ಹಿಡಿದ ಮೇಲೆ ಅದೂ ಇಲ್ಲ. ಅಂಥ ಮನೆಗಳಿಗೆ ನಾವು ನೋಟ್ಸು ಬರೆದು ಮುಟ್ಟಿಸಿದೆವು. ಮುಂದಿನ ವಾರ ಹೋಗಿ ತಿದ್ದಿ ತಂದೆವು.

2022ರ ಡಿಸೆಂಬರಿನಲ್ಲಿ ತಂಗಿಯ ಮನೆಯ ಮದುವೆಗೆಂದು ಸಾಂಗ್ಲಿವಾಡಿಗೆ ಹೋಗಿದ್ದಾಗ, ಅಲ್ಲಿಗೆ ಬಂದಿದ್ದ ಜತ್ತ ತಾಲೂಕಿನ ಕನ್ನಡ ಶಾಲೆಯ ಮಾಸ್ತರರೊಬ್ಬರ ಪರಿಚಯವಾಯಿತು. ಇಬ್ಬರೂ ಒಂದೇ ವೃತ್ತಿಯವರು. ಊಟವಾದ ಮೇಲೆ ಸಂಜೆಯ ತನಕ ಮಾತಾಡಿದೆವು. ಅವರ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಸ್ಮಾರ್ಟ್ ಫೋನು ಇರಲಿಲ್ಲ. ಇದ್ದ ಫೋನು ಅಪ್ಪನ ಜೊತೆ ದ್ರಾಕ್ಷಿ ತೋಟಕ್ಕೆ ಹೋಗುತ್ತಿತ್ತು. ಮೇಲಿನಿಂದ ಬರುತ್ತಿದ್ದ ಅಭ್ಯಾಸದ ಹಾಳೆಗಳು ಮರಾಠಿಯಲ್ಲಿದ್ದವು. ಅವರು ಅವನ್ನು ಕೈಯಿಂದ ಕನ್ನಡದಲ್ಲಿ ಬರೆದು, ಫೋಟೋ ತೆಗೆದು ಫೋನಿದ್ದವರಿಗೆ ಕಳಿಸುತ್ತಿದ್ದರು. ಇಲ್ಲದವರಿಗೆ ಜೆರಾಕ್ಸ್ ಮಾಡಿಸಿ ಒಯ್ಯುತ್ತಿದ್ದರು. ಅವರ ಶಾಲೆಯ ಕೋಣೆಗಳಲ್ಲಿ ಆಗ ಮುಂಬಯಿ, ಪುಣೆಗಳಿಂದ ಮರಳಿದವರನ್ನು ಹದಿನಾಲ್ಕು ದಿನ ಬೇರೆಯಾಗಿ ಇರಿಸಿದ್ದರು. ಹಾಗಾಗಿ ಗುಡಿಯ ಪೌಳಿಯಲ್ಲಿ, ಬೇವಿನ ಮರದ ನೆರಳಲ್ಲಿ, ನಾಲ್ಕೈದು ಮಕ್ಕಳನ್ನು ದೂರ ದೂರ ಕೂರಿಸಿ ಪಾಠ.

“ನಮ್ಮ ಹುಡುಗರಿಗೆ ಮರಾಠಿ ತಿಳೀತೈತ್ರಿ ಸರ,” ಎಂದರು ಅವರು. “ಬಾಜಾರದಾಗ ಮಾತಾಡ್ತಾರ, ಸಿನಿಮಾ ನೋಡ್ತಾರ. ಆದ್ರ ಭಾಗಾಕಾರ ಮರಾಠಿಯೊಳಗ ಹೇಳಿದ್ರ ತಲಿಗೆ ಹೋಗಂಗಿಲ್ಲ. ಲೆಕ್ಕ ಮಾಡೂ ಮುಂದ ಮನಸ್ಸು ಕನ್ನಡದಾಗ ಇರ್ತೈತಿ.”

ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಕಲಿಸಿದ ನನಗೆ, ಮಾತೃಭಾಷೆಯ ಶಿಕ್ಷಣದ ಬಗ್ಗೆ ಕೇಳಿದ ಎಷ್ಟೋ ಭಾಷಣಗಳಿಗಿಂತ ಈ ಮಾತು ಹೆಚ್ಚು ನಿಜವೆನಿಸಿತು. ಆ ಮಾಸ್ತರರಿಗೆ ಬೇಸರ ತಂದದ್ದು ಬೇರೆಯೇ. ಶಾಲೆ ಮತ್ತೆ ತೆರೆದಾಗ ಕೆಲವು ಮಕ್ಕಳು ಅವರ ಶಾಲೆಗೆ ಮರಳಲಿಲ್ಲ. ಎರಡು ವರ್ಷ ಮರಾಠಿ ಟಿ.ವಿ. ನೋಡಿ ಮರಾಠಿ ಬಂದಿದೆಯಲ್ಲ, ಇನ್ನು ಅದೇ ಇರಲಿ ಎಂದು ತಂದೆತಾಯಿಗಳು ಮಾಧ್ಯಮ ಬದಲಿಸಿದ್ದರು. ಅವರನ್ನು ದೂರುವಂತಿಲ್ಲ. ಶಾಲೆ ಮುಚ್ಚಿದಾಗ ತಮ್ಮ ಭಾಷೆಗೂ ಬಾಗಿಲು ಹಾಕಿತೆಂದು ಅವರಿಗೆ ಅನಿಸಿತು. ಆ ಅನಿಸಿಕೆಗೆ ಕಾರಣವೂ ಇತ್ತು.

ಸಾಂಗ್ಲಿವಾಡಿಯ ಮನೆಗಳಲ್ಲಿ ಮಾತ್ರ ಇದಕ್ಕೆ ತದ್ವಿರುದ್ಧವಾದುದೂ ನಡೆಯಿತು. ಅಲ್ಲಿಯ ಕನ್ನಡ ಮನೆಗಳ ಮಕ್ಕಳಲ್ಲಿ ಬಹುಪಾಲು ಮರಾಠಿ ಇಲ್ಲವೇ ಇಂಗ್ಲಿಷ್ ಶಾಲೆಗೆ ಹೋಗುವವರು. ಬೆಳಗ್ಗೆ ಹೋಗಿ ಸಂಜೆ ಬರುವ ಅವರಿಗೆ ಕನ್ನಡ ಕೇಳಿಸುವುದೇ ಊಟದ ಹೊತ್ತಿನಲ್ಲಿ. ಶಾಲೆ ಮುಚ್ಚಿದ್ದರಿಂದ ಅವರು ಇಡೀ ದಿನ ಅಜ್ಜ ಅಜ್ಜಿಯರ ನಡುವೆ ಉಳಿದರು. ಭಾವನವರ ಹೊಟೇಲು ತಿಂಗಳುಗಟ್ಟಲೆ ಮುಚ್ಚಿತ್ತು. ಕೆಲಸದವರು ಊರಿಗೆ ಹೋಗಿದ್ದರು. ಬೆಳಗ್ಗೆ ಟಿಲಿಮಿಲಿ ಮುಗಿದ ಮೇಲೆ ನನ್ನ ತಂಗಿ ಮರಾಠಿ ಶಾಲೆಯ ಎರಡನೆಯ ತರಗತಿಯ ಮೊಮ್ಮಗಳನ್ನು ಕೂರಿಸಿಕೊಂಡು ಸ್ಲೇಟಿನಲ್ಲಿ ಕಾಗುಣಿತ ಬರೆಸಿದಳು. ದೀಪಾವಳಿಯ ಹೊತ್ತಿಗೆ ಆ ಮಗು ನನಗೆ ಕನ್ನಡದಲ್ಲಿ ನಾಲ್ಕು ಸಾಲಿನ ಕಾಗದ ಬರೆಯಿತು. ಅಲ್ಪಪ್ರಾಣ ಮಹಾಪ್ರಾಣಗಳೆಲ್ಲ ಅದಲುಬದಲು. ‘ದೊಡ್ಡಜ್ಜ’ ಎಂಬುದಕ್ಕೆ ಒಂದೇ ‘ಡ’. ಹೊರನಾಡಿನಲ್ಲಿ ಮೂರನೆಯ ತಲೆಮಾರಿಗೆ ನಿಂತುಹೋಗಲಿದ್ದ ಅಕ್ಷರವು ಒಂದು ಮನೆಯಲ್ಲಾದರೂ ಮುಂದುವರಿಯಿತು. ಎಲ್ಲ ಮನೆಗಳಲ್ಲೂ ಹೀಗಾಯಿತೆಂದು ನಾನು ಹೇಳಲಾರೆ. ಇದಕ್ಕೆ ಓದುಬರಹ ಬಲ್ಲ ಅಜ್ಜಿ ಬೇಕು, ನಿಶ್ಚಿಂತೆಯ ಊಟ ಬೇಕು. ಕೂಲಿಯವರ ಮಕ್ಕಳಿಗೆ ಎರಡೂ ಇರಲಿಲ್ಲ. ಅವರ ಮನೆಯವರು ಗಂಟುಮೂಟೆ ಕಟ್ಟಿ ಊರಿಗೆ ಹೊರಟಾಗ ಸಾಂಗ್ಲಿಯ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯಿತು, ಮಗು ಉಳಿಯಲಿಲ್ಲ.

ಈ ನಡುವೆ ಅಧ್ಯಾಪಕರ ಹೆಗಲಿಗೆ ಬಿದ್ದ ಇತರ ಕೆಲಸಗಳನ್ನೂ ಬರೆದಿಡಬೇಕು. ಮಹಾರಾಷ್ಟ್ರದಲ್ಲಿ 2020ರ ಸೆಪ್ಟೆಂಬರಿನಲ್ಲಿ ‘ಮಾಝೆ ಕುಟುಂಬ, ಮಾಝಿ ಜಬಾಬ್ದಾರಿ’ ಎಂಬ ಅಭಿಯಾನ ಆರಂಭವಾಯಿತು. ‘ನನ್ನ ಕುಟುಂಬ, ನನ್ನ ಹೊಣೆ’ ಎಂದು ಅದರ ಅರ್ಥ. ಮನೆಮನೆಗೆ ಹೋಗಿ ಜ್ವರ ನೋಡುವ, ಆಮ್ಲಜನಕದ ಮಟ್ಟ ಅಳೆಯುವ ತಂಡಗಳಲ್ಲಿ ಮಾಸ್ತರರೂ ಇದ್ದರು. ನಮ್ಮ ಜಿಲ್ಲೆಯಲ್ಲಿ ‘ಮಾಷ್’ ಎಂಬ ಹೆಸರಿನಲ್ಲೇ ಒಂದು ಯೋಜನೆ ಬಂತು. ಅಧ್ಯಾಪಕರು ವಾರ್ಡು ವಾರ್ಡಿಗೆ ಹೋಗಿ ರೋಗದ ಬಗ್ಗೆ ತಿಳಿಹೇಳಬೇಕಿತ್ತು. ಹಗಲು ಆ ಕೆಲಸ, ರಾತ್ರಿ ಪಾಠದ ತಯಾರಿ. ಮಕ್ಕಳ ಮನೆಯ ಅಂಗಳಕ್ಕೆ ಅಷ್ಟು ಸಲ ಹೋದದ್ದು ನನ್ನ ಇಡೀ ಸೇವಾವಧಿಯಲ್ಲಿ ಅದೇ ಮೊದಲು. ಯಾವ ಮನೆಯಲ್ಲಿ ಓದಲು ಜಾಗವಿಲ್ಲ, ಯಾವ ಮನೆಯಲ್ಲಿ ಮಧ್ಯಾಹ್ನದ ಒಲೆ ಉರಿಯುವುದಿಲ್ಲ ಎಂಬುದು ಆಗ ತಿಳಿಯಿತು.

ಸಾಂಗ್ಲಿಯ ನೆರೆಯ ಸೊಲ್ಲಾಪುರ ಜಿಲ್ಲೆಯ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಸೊಲ್ಲಾಪುರದ ನೀಲಂನಗರದಲ್ಲಿ ಫೋನಿಲ್ಲದ ಮಕ್ಕಳಿಗಾಗಿ ಶಾಲೆಯವರು ಬೀದಿಯ ಮನೆಗಳ ಗೋಡೆಗಳ ಮೇಲೇ ಪಾಠಗಳನ್ನು ಬರೆಸಿದರು. ಮಕ್ಕಳು ಗೋಡೆಯಿಂದ ಗೋಡೆಗೆ ನಡೆಯುತ್ತಾ ಓದಿದರು. ಎರಡನೆಯದು ಪರಿತೇವಾಡಿಯ ಅಧ್ಯಾಪಕ ರಣಜಿತ್‌ಸಿಂಹ ಡಿಸಳೆಯವರದು. 2020ರ ಡಿಸೆಂಬರ್ 3ರಂದು ಅವರಿಗೆ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅರ್ಧ ಹಣವನ್ನು ಅವರು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮಂದಿಗೆ ಹಂಚಿದರು. ಪತ್ರಿಕೆಗಳೆಲ್ಲ ಅವರು ಪಠ್ಯಪುಸ್ತಕಕ್ಕೆ ಅಳವಡಿಸಿದ ಕ್ಯೂಆರ್ ಕೋಡಿನ ಬಗ್ಗೆ ಬರೆದವು. ಪ್ರಶಸ್ತಿ ಕೊಟ್ಟವರ ವಿವರಣೆಯಲ್ಲಿದ್ದ ಇನ್ನೊಂದು ಮಾತು ನಮಗೆ ಮುಖ್ಯ: ಮಕ್ಕಳ ಮನೆಮಾತು ಕನ್ನಡವಾಗಿತ್ತು, ಪಠ್ಯ ಆ ಭಾಷೆಯಲ್ಲಿರಲಿಲ್ಲ, ಆದ್ದರಿಂದ ಅವರು ಕನ್ನಡ ಕಲಿತು ಪಾಠಗಳನ್ನು ಮಕ್ಕಳ ಭಾಷೆಗೆ ತಂದರು ಎಂದು. ಕೋಡು ಆಮೇಲಿನದು, ಭಾಷೆ ಮೊದಲಿನದು.

ಶಾಲೆಗಳು ಒಮ್ಮೆಲೇ ತೆರೆಯಲಿಲ್ಲ. ಮಹಾರಾಷ್ಟ್ರದಲ್ಲಿ 2020ರ ನವೆಂಬರ್ 23ರಿಂದ ಒಂಬತ್ತರಿಂದ ಹನ್ನೆರಡರವರಿಗೆ, 2021ರ ಜನವರಿ 27ರಿಂದ ಐದರಿಂದ ಎಂಟರವರಿಗೆ ಅನುಮತಿ ಸಿಕ್ಕಿತು. ಅಷ್ಟರಲ್ಲಿ ಎರಡನೆಯ ಅಲೆ ಬಂದು ಎಲ್ಲ ಮುಚ್ಚಿತು. ಆ ವರ್ಷದ ಹತ್ತನೆಯ ತರಗತಿಯ ಪರೀಕ್ಷೆಯೂ ರದ್ದಾಯಿತು. ಜುಲೈಯಲ್ಲಿ ಕೃಷ್ಣೆ ಮತ್ತೊಮ್ಮೆ ಅಪಾಯದ ಮಟ್ಟ ಮೀರಿ ಸಾಂಗ್ಲಿವಾಡಿಗೆ ನುಗ್ಗಿತು. ಎಲ್ಲಕ್ಕಿಂತ ಕಿರಿಯರಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಡಿಸೆಂಬರ್ 1ರಿಂದ. ಕೇರಳದಲ್ಲಿ ಕಿರಿಯರು 2021ರ ನವೆಂಬರ್ 1ರಂದು ಮರಳಿದರು. ಅಂದರೆ 2020ರ ಜೂನಿನಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ತನ್ನ ತರಗತಿಯ ಕೋಣೆಯನ್ನು ಮೊದಲು ಕಂಡದ್ದು ಎರಡನೆಯ ತರಗತಿಯ ನಡುವಿನಲ್ಲಿ. ನಡುವೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ಪರೀಕ್ಷಿಸಿ, 2021ರ ಆರಂಭದಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಚಿತ್ರ ನೋಡಿ ಹೇಳುವುದು, ಗೊತ್ತಿರುವ ಪದಗಳನ್ನು ಓದುವುದು, ನಾಲ್ಕು ವಾಕ್ಯ ಬರೆಯುವುದು ಇಂಥವು. ತಮ್ಮ ಭಾಷೆಯೇ ರಾಜ್ಯಭಾಷೆಯಾಗಿರುವ ಮಕ್ಕಳ ಸ್ಥಿತಿ ಇದಾದರೆ, ಬೀದಿಯ ಫಲಕದಲ್ಲೂ ಬಸ್ಸಿನ ಹಲಗೆಯಲ್ಲೂ ತನ್ನ ಅಕ್ಷರ ಕಾಣದ ಮಗುವಿನದು ಹೇಗಿದ್ದೀತು?

ಸಂವಿಧಾನದ 350ಎ ವಿಧಿಯನ್ನು ನಮ್ಮ ಸಭೆಗಳಲ್ಲಿ ಅನೇಕ ಸಲ ಕೇಳಿದ್ದೇವೆ. ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿ ಸೇರಿಸಿದ ವಿಧಿಯದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕು ಎಂಬುದು ಅದರ ಸಾರ. ಆ ಸೌಲಭ್ಯವೆಂದರೆ ಕಟ್ಟಡ, ಅಧ್ಯಾಪಕ, ಪುಸ್ತಕ ಎಂದು ನಾವು ಇಷ್ಟು ಕಾಲ ತಿಳಿದಿದ್ದೆವು, ಅವಕ್ಕಾಗಿಯೇ ಹೋರಾಡಿದೆವು. ಪಾಠವು ಕಟ್ಟಡದಿಂದ ಎದ್ದು ಪರದೆಗೆ ಹೋದಾಗ ಆ ಹಕ್ಕೂ ಅದರ ಹಿಂದೆ ಹೋಗಬೇಕಿತ್ತು. ಜತ್ತದಲ್ಲಿ ಅದು ಹೋಗಲಿಲ್ಲ. ಒಬ್ಬ ಮಾಸ್ತರರ ಕೈಬರಹದ ಹಾಳೆಯಾಗಿ ಮಾತ್ರ ಹೋಯಿತು. ಕಾಸರಗೋಡಿನಲ್ಲಿ ಹೋಯಿತು, ಏಕೆಂದರೆ ಅದನ್ನು ಹೊತ್ತೊಯ್ಯುವ ಜನ ಇಲ್ಲಿ ಒಟ್ಟಾಗಿದ್ದರು. ರೋಗದ ಕಾಲ ಮುಗಿದರೂ ಪರದೆಯ ಪಾಠ ಮುಗಿದಿಲ್ಲ. ಮಳೆ ಬಂದು ರಜೆ ಕೊಟ್ಟರೆ ಈಗಲೂ ಪಾಠ ಮೊಬೈಲಿಗೆ ಬರುತ್ತದೆ. ಆ ಪಾಠ ಯಾವ ಭಾಷೆಯಲ್ಲಿ ಬರುತ್ತದೆ ಎಂದು ನೋಡುವುದು ಇನ್ನು ಮುಂದೆ ಪ್ರತಿಯೊಂದು ಕನ್ನಡ ಮನೆಯ ಕೆಲಸ, ಪ್ರತಿಯೊಂದು ಶಾಲೆಯ ರಕ್ಷಕ ಶಿಕ್ಷಕ ಸಂಘದ ಕೆಲಸ.

ಕೊನೆಯದಾಗಿ ಓದುಗರಲ್ಲಿ ಒಂದು ಬಿನ್ನಹ. ಆ ಎರಡು ವರ್ಷಗಳ ಕಾಗದಗಳು ಇನ್ನೂ ನಮ್ಮ ಮನೆಗಳಲ್ಲಿವೆ. ಅಧ್ಯಾಪಕರು ಮಾಡಿದ ಕರೆಗಳ ಪಟ್ಟಿ, ಕೈಯಿಂದ ಬರೆದ ನೋಟ್ಸಿನ ಹಾಳೆ, ಮಕ್ಕಳು ಬರೆದ ಕಾಗದ, ಗಡಿ ದಾಟಲು ಕೊಟ್ಟ ಪಾಸು, ಮಗು ಅರ್ಧ ಮಾತ್ರ ಬರೆದು ಬಿಟ್ಟ ಒಂದನೆಯ ತರಗತಿಯ ಪುಸ್ತಕ. ಫೋನು ಬದಲಿಸಿದಾಗ ಚಿತ್ರಗಳು ಅಳಿಯುತ್ತವೆ. ಅಟ್ಟ ಗುಡಿಸಿದಾಗ ಕಾಗದ ರದ್ದಿಗೆ ಹೋಗುತ್ತದೆ. ಅವನ್ನು ಎಸೆಯಬೇಡಿ. ದಿನಾಂಕ, ಊರು, ತರಗತಿ ಬರೆದು ನಿಮ್ಮ ಶಾಲೆಯ ಕಪಾಟಿನಲ್ಲೋ ಊರ ಗ್ರಂಥಾಲಯದಲ್ಲೋ ಇಡಿಸಿ. ಕನ್ನಡದವರೂ ಇಡಲಿ, ಮಲಯಾಳದವರೂ ಇಡಲಿ. ಮುಂದೊಂದು ದಿನ ಇಂಥದೇ ರೋಗ ಬಂದು ಶಾಲೆಗೆ ಬೀಗ ಬಿದ್ದಾಗ, ಕನ್ನಡದಲ್ಲಿ ಪಾಠ ಹೇಳಲು ಸಾಧ್ಯವಿಲ್ಲವೆಂದು ಯಾರಾದರೂ ಹೇಳಿದರೆ, ಹಿಂದೆ ಅದನ್ನು ಹೇಗೆ ಮಾಡಿದ್ದೆವು ಎಂದು ತೋರಿಸಲು ಆ ಹಾಳೆಗಳು ಬೇಕಾಗುತ್ತವೆ.